ಆಲ್-ಸೀಟರ್: ಒಬ್ಬರಿಗೆ ಒಂದು ಸೀಟು

ನಿಂತು ಆಟ ನೋಡುವ ಜಾಗವೇ ಇಲ್ಲದ, ಟಿಕೆಟ್ ಕೊಂಡ ಪ್ರತಿಯೊಬ್ಬರಿಗೂ ಸೀಟು ಇರುವ ಕ್ರೀಡಾಂಗಣವನ್ನು ಆಲ್-ಸೀಟರ್ ಅನ್ನುತ್ತಾರೆ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಬಳಕೆಗೆ ಬಂದ ಮಾತು. ಆರಾಮಾಗಿ ಕೂತು ನೋಡಲಿ ಅಂತ ಮಾಡಿದ್ದು ಅನ್ನಿಸಬಹುದು. ಆದರೆ ಈ ನಿಯಮದ ಹಿಂದೆ 97 ಜನರ ಸಾವಿದೆ.

1970, 80ರ ದಶಕದಲ್ಲಿ ಅಲ್ಲಿನ ಮೈದಾನಗಳಲ್ಲಿ ಹೊಡೆದಾಟ ಜಾಸ್ತಿ ಇತ್ತು. ಜನ ಆಟದ ಅಂಗಳಕ್ಕೆ ನುಗ್ಗದಿರಲಿ ಅಂತ ಎತ್ತರದ ಕಬ್ಬಿಣದ ಬೇಲಿ ಹಾಕಿದರು. ಮೆಟ್ಟಿಲು ಮೆಟ್ಟಿಲಾಗಿದ್ದ ನಿಲ್ಲುವ ಜಾಗವನ್ನು ಅಡ್ಡಬೇಲಿ ಹಾಕಿ ದೊಡ್ಡಿಗಳ ಹಾಗೆ ಭಾಗ ಮಾಡಿದರು. ಅಂದರೆ ಸರ್ಕಾರಕ್ಕೂ ಪೊಲೀಸರಿಗೂ ಪ್ರೇಕ್ಷಕ ಅಂದರೆ ತಡೆಯಬೇಕಾದವನು, ಅಷ್ಟೇ.

1989ರ ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಲಿವರ್‌ಪೂಲ್ ಕಡೆಯ ನಿಲ್ಲುವ ಜಾಗಕ್ಕೆ 10,100 ಟಿಕೆಟ್. ಅಷ್ಟು ಜನ ಒಳಗೆ ಹೋಗಲು ಇದ್ದದ್ದು ಬರೀ 7 ತಿರುಗುಗೇಟು. ಹೊರಗೆ ನೂಕುನುಗ್ಗಲು ಹೆಚ್ಚಾಯಿತು. ಅದನ್ನು ತಗ್ಗಿಸಲು ಪೊಲೀಸರು ಮಧ್ಯಾಹ್ನ 2.52ಕ್ಕೆ ಒಂದು ದೊಡ್ಡ ಗೇಟು ತೆರೆಸಿದರು. ಒಳಬಂದವರ ಎದುರಿಗೇ ಸುರಂಗದಂಥ ದಾರಿ. ಅದು ಆಗಲೇ ತುಂಬಿಹೋಗಿದ್ದ ನಡುವಿನ ಎರಡು ದೊಡ್ಡಿಗಳಿಗೆ ಹೋಗುತ್ತಿತ್ತು. ಪಕ್ಕದ ದೊಡ್ಡಿಗಳಲ್ಲಿ ಜಾಗ ಇತ್ತು, ಆದರೆ ಅತ್ತ ಹೋಗಿ ಅಂತ ಹೇಳುವವರು ಯಾರೂ ಇರಲಿಲ್ಲ. ಮುಂದಿದ್ದವರು ಬೇಲಿಗೆ ಒತ್ತಿಕೊಂಡು, ಎದೆ ಹಿಗ್ಗಿಸಿ ಉಸಿರು ಎಳೆಯಲೂ ಆಗದೆ ಸತ್ತರು. ಎಷ್ಟೋ ಜನ ನಿಂತಲ್ಲೇ. ಗಲಾಟೆ ತಡೆಯಲು ಹಾಕಿದ ಬೇಲಿಯೇ ಹೊರಬರುವ ದಾರಿ ಮುಚ್ಚಿತ್ತು. ತಪ್ಪನ್ನು ಮೊದಲು ಅಭಿಮಾನಿಗಳ ತಲೆಗೇ ಕಟ್ಟಿದರು, ಕುಡಿದು ಬಂದಿದ್ದರು ಅಂದರು. ಅವರದೇನೂ ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಅಂತ ಜ್ಯೂರಿ ಹೇಳುವ ಹೊತ್ತಿಗೆ 2016 ಬಂದಿತ್ತು. ಆ ಮನೆಯವರು 27 ವರ್ಷ ಕಾದರು.

ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟರು. ಆಲ್-ಸೀಟರ್ ಸಲಹೆ ಬಂದದ್ದು ಅದರಲ್ಲಿ. ಲೆಕ್ಕ ಸರಳ. ಮೆಟ್ಟಿಲ ಮೇಲೆ ಎಷ್ಟು ಜನ ನಿಂತಿದ್ದಾರೆ ಅಂತ ಕಣ್ಣಳತೆಯಲ್ಲಿ ಹೇಳಲಾಗದು, ಸೀಟುಗಳನ್ನು ಎಣಿಸಬಹುದು. ಒಂದು ಸೀಟಿಗೆ ಒಂದೇ ಟಿಕೆಟ್, ಹಿಂದಿನಿಂದ ಅಲೆಯಂತೆ ಬರುವ ತಳ್ಳಾಟವೂ ಇಲ್ಲ. ಇಂಗ್ಲೆಂಡಿನ ಮೇಲಿನ ಎರಡು ಡಿವಿಷನ್‌ಗಳಿಗೆ 1994ರ ಗಡುವು ಹಾಕಿದರು.

ಪ್ರತಿ ಅಭಿಮಾನಿಗೂ ಗುರುತಿನ ಚೀಟಿ ಕೊಡುವ, ಆಗಿನ ಪ್ರಧಾನಿ ಥ್ಯಾಚರ್ ಸರ್ಕಾರದ ಯೋಜನೆ ಬೇಡ ಅಂದವರೂ ಟೇಲರ್ ಅವರೇ. ನನಗೆ ಇದು ಸೀಟಿನಷ್ಟೇ ದೊಡ್ಡ ಮಾತು. ಎಲ್ಲರನ್ನೂ ಅನುಮಾನಿಸುವ ಬದಲು ತಪ್ಪು ಮಾಡಿದವನನ್ನು ಹಿಡಿಯಿರಿ ಅನ್ನುವ ಕಡೆಗೆ ಕಾನೂನು ಹೊರಳಿತು. ವಸ್ತು ಎಸೆಯುವುದು, ಗುಂಪಾಗಿ ಜನಾಂಗೀಯ ಘೋಷಣೆ ಕೂಗುವುದು, ಅಂಗಳಕ್ಕೆ ನುಗ್ಗುವುದು 1991ರ ಕಾಯ್ದೆಯಲ್ಲಿ ಅಪರಾಧಗಳಾದವು. ಗಲಾಟೆ ಮಾಡಿದವನಿಗೆ ಕೋರ್ಟು ಪಂದ್ಯಕ್ಕೆ ಬರದಂತೆ ನಿಷೇಧ ಹಾಕಬಹುದು. ವಿದೇಶದಲ್ಲಿ ಪಂದ್ಯ ಇದ್ದಾಗ ಪಾಸ್‌ಪೋರ್ಟ್ ಒಪ್ಪಿಸು ಅನ್ನಲೂಬಹುದು.

ಸೀಟು ಬಂದ ಮೇಲೆ ಟಿಕೆಟ್ ದರ ಏರಿತು, ನಿಂತು ಹಾಡುವ ಖುಷಿ ಹೋಯಿತು ಅನ್ನುವ ಕೊರಗು ಅಲ್ಲಿ ಈಗಲೂ ಇದೆ. ಅದು ಸುಮ್ನೆ ಗೊಣಗಾಟ ಅಲ್ಲ. 2022ರಿಂದ ಪರವಾನಗಿ ಪಡೆದ ಮೈದಾನಗಳಲ್ಲಿ ಕೆಲವು ಕಡೆ ನಿಂತು ನೋಡಬಹುದು. ಆದರೆ ಸೀಟಿನ ಸಾಲು ಸಾಲಿಗೂ ಗಟ್ಟಿ ಕಂಬಿ ಇರಬೇಕು, ಒಬ್ಬರಿಗೆ ಒಂದೇ ಜಾಗ.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಒಳಗೂ ಸೀಟುಗಳಿವೆ. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಬಂದ 11 ಜನ ಪ್ರಾಣ ಕಳೆದುಕೊಂಡದ್ದು ಗೇಟುಗಳ ಹೊರಗೆ. ಸೀಟಿನ ಲೆಕ್ಕ ಗೇಟಿನ ಒಳಗೆ ಮಾತ್ರ ನಡೆಯುತ್ತದೆ, ಅಲ್ವಾ? ಹಿಲ್ಸ್‌ಬರೊದಲ್ಲೂ ಒತ್ತಡ ಶುರುವಾದದ್ದು ಆ 7 ತಿರುಗುಗೇಟುಗಳ ಮುಂದೆ. ಎಷ್ಟು ಗೇಟು, ಒಂದು ಗಂಟೆಯಲ್ಲಿ ಎಷ್ಟು ಜನ ದಾಟಬಹುದು, ಮಿಕ್ಕವರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಜನ ಬರುವ ಮೊದಲೇ ಬರೆದಿಡಬೇಕು.