ಎರಡೇ ದಿನಕ್ಕೆ ನಿಂತರೆ "ಕೆಟ್ಟ ರಕ್ತ" ಒಳಗೇ ಉಳಿಯುತ್ತಾ?

ಪ್ರಶ್ನೆ: "ಮೊದಲು ಮುಟ್ಟಾದರೆ ಐದು ದಿನ ಬ್ಲೀಡಿಂಗ್ ಇರುತ್ತಿತ್ತು. ಈಗ ಒಂದು ವರ್ಷದಿಂದ ಎರಡೇ ದಿನಕ್ಕೆ ನಿಂತುಬಿಡುತ್ತೆ. ಬಣ್ಣವೂ ಕಂದು. ಕೆಟ್ಟ ರಕ್ತ ಒಳಗೇ ಉಳಿದು ಗಡ್ಡೆ ಕಟ್ಟುತ್ತೆ ಅಂತಾರೆ. ಅದೆಲ್ಲ ಪೂರ್ತಿ ಹೊರಗೆ ಬರೋಕೆ ಏನು ಮಾಡಬೇಕು?"

ಹೊರಗೆ ತರಲು ಏನೂ ಮಾಡಬೇಡಿ. ಒಳಗೆ ಏನೂ ಉಳಿದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಮಗಳ ಬಗ್ಗೆ ಕೇಳುವ ಅಮ್ಮಂದಿರು, ಅಮ್ಮನ ಬಗ್ಗೆ ಕೇಳುವ ಮಕ್ಕಳು, ವಿಜ್ಞಾನ ಓದಿ ಕೆಲಸಕ್ಕೆ ಸೇರಿದವರು, ಎಲ್ಲರದ್ದೂ ಇದೇ. ಕೇಳುವ ರೀತಿ ಬದಲಾಗುತ್ತದೆ, ಒಳಗಿರುವ "ಕೆಟ್ಟ ರಕ್ತ" ಮಾತ್ರ ಕದಲುವುದಿಲ್ಲ. ಇವತ್ತು ಅದನ್ನೇ ಬುಡಸಮೇತ ಕೀಳೋಣ.

ರಕ್ತದಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಎರಡು ಜಾತಿ ಇಲ್ಲ. ಬೆರಳು ಕೊಯ್ದುಕೊಂಡಾಗ ಬರುವುದೂ ಮುಟ್ಟಿನಲ್ಲಿ ಬರುವುದೂ ಒಂದೇ ಮೈಯಲ್ಲಿ ಹರಿದಾಡಿದ ಒಂದೇ ರಕ್ತ. ಗರ್ಭಕೋಶದ ಒಳಗೋಡೆಯ ಮೇಲೆ ಪ್ರತಿ ತಿಂಗಳೂ ಮೆತ್ತನೆಯ ಪದರವೊಂದು ಬೆಳೆಯುತ್ತದೆ. ಗರ್ಭ ನಿಂತರೆ ಅದಕ್ಕೆ ಹಾಸಿಗೆ. ನಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಇಳಿಯುತ್ತದೆ, ಪದರ ಕಳಚುತ್ತದೆ. ಕಳಚುವಾಗ ಅದರೊಳಗಿನ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಹೊರಗೆ ಬರುವುದರಲ್ಲಿ ರಕ್ತದ ಜೊತೆ ಪದರದ ಚೂರು, ಲೋಳೆ, ನೀರಿನಂಥ ದ್ರವ ಎಲ್ಲ ಬೆರೆತಿರುತ್ತದೆ.

ಗಮನಿಸಿ, ಇಲ್ಲಿ ರಕ್ತ ತುಂಬಿಟ್ಟ ಚೀಲ ಎಲ್ಲೂ ಬರಲಿಲ್ಲ. ಗರ್ಭಕೋಶ ಸುಮಾರು ಒಂದು ಮುಷ್ಟಿಯಷ್ಟು ದೊಡ್ಡದು. ಗರ್ಭಿಣಿ ಅಲ್ಲದಿದ್ದಾಗ ಅದರ ಒಳಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ತಿಂಗಳುಗಟ್ಟಲೆ ಕೂಡಿಡಲು ಜಾಗವಾದರೂ ಎಲ್ಲಿದೆ? ಪದರ ತೆಳ್ಳಗೆ ಬೆಳೆದರೆ ಕಡಿಮೆ ಕಳಚುತ್ತದೆ, ಕಡಿಮೆ ಬರುತ್ತದೆ. ಕಂದು ಬಣ್ಣ ಯಾಕೆ ಅಂದರೆ, ನಿಧಾನವಾಗಿ ಇಳಿಯುವ ರಕ್ತ ದಾರಿಯಲ್ಲೇ ಬಣ್ಣಗೆಡುತ್ತದೆ. ಗಾಯದ ಮೇಲಿನ ಹಕ್ಕಳೆಯೂ ಕಂದೇ ಅಲ್ವಾ? ವಾಸನೆಯ ಕಥೆಯೂ ಅಷ್ಟೇ. ಹೊರಗೆ ಬಂದು ಪ್ಯಾಡಿನಲ್ಲಿ ಕೂತ ಮೇಲೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತವೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಿ, ಸಾಕು. ಒಳಗೆಲ್ಲ ನೀರು ಹಾಯಿಸಿ ತೊಳೆಯಲು ಹೋಗಬೇಡಿ. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಹೋಗಿ ಸೋಂಕಿಗೆ ದಾರಿಯಾಗುತ್ತದೆ.

ಒಮ್ಮೆ ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಹಾಗಾದ್ರೆ ಮಿಸ್, ಗಂಡಸರ ಕೆಟ್ಟ ರಕ್ತ ಎಲ್ಲಿಗೆ ಹೋಗುತ್ತೆ?" ಇಡೀ ತರಗತಿ ನಕ್ಕಿತು. ನನಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ. ಸರಿಯಾದ ಪ್ರಶ್ನೆ ಅದೇ. ಗಂಡಸರು, ಚಿಕ್ಕ ಮಕ್ಕಳು, ಮುಟ್ಟು ನಿಂತ ಅಜ್ಜಿಯರು, ಇವರೆಲ್ಲ ಕೊಳೆ ತುಂಬಿಕೊಂಡೇ ಬದುಕುತ್ತಿದ್ದಾರಾ? ಮೈಯ ಕಸ ತೆಗೆಯುವ ಕೆಲಸ ಲಿವರ್ ಮತ್ತು ಕಿಡ್ನಿಗಳದ್ದು. ಗರ್ಭಕೋಶಕ್ಕೆ ಆ ಡ್ಯೂಟಿ ಯಾರೂ ಕೊಟ್ಟಿಲ್ಲ.

ಓದು ಬರಹ ಇಲ್ಲದವರ ನಂಬಿಕೆ ಇದು ಅಂತ ಮೂಗು ಮುರಿಯಬೇಡಿ. ಮುಟ್ಟಾದವರು ಹತ್ತಿರ ಬಂದರೆ ದ್ರಾಕ್ಷಾರಸ ಹುಳಿಯಾಗುತ್ತದೆ ಎಂದು ಒಂದನೇ ಶತಮಾನದಲ್ಲಿ ಬರೆದವನು ರೋಮ್‌ನ ದೊಡ್ಡ ಪಂಡಿತ ಪ್ಲಿನಿ. ಅವನಾದರೂ ಹಳೇ ಕಾಲದವನು. 1920ರಲ್ಲಿ ವಿಯೆನ್ನಾದ ವೈದ್ಯ ಬೇಲಾ ಶಿಕ್, ಮುಟ್ಟಾದ ಕೆಲಸದಾಕೆ ಮುಟ್ಟಿದ ಹೂವು ಬೇಗ ಬಾಡಿತು ಅಂತ, ಮುಟ್ಟಿನಲ್ಲಿ ವಿಷವಿದೆ ಎಂದು ಬರೆದುಬಿಟ್ಟ. ಅದಕ್ಕೆ ಮೆನೋಟಾಕ್ಸಿನ್ ಎಂಬ ಹೆಸರೂ ಬಂತು. ಡಿಫ್ತೀರಿಯಾ ಎಂಬ ಗಂಟಲು ರೋಗಕ್ಕೆ ಪರೀಕ್ಷೆ ಕಂಡುಹಿಡಿದ ಬುದ್ಧಿವಂತ ಇವನೇ! ಆಮೇಲೆ ದಶಕಗಟ್ಟಲೆ ಹುಡುಕಾಟ ನಡೆಯಿತು. ಅಂಥ ವಿಷ ಇದೆ ಎಂದು ತೋರಿಸಲು ಯಾರಿಂದಲೂ ಆಗಲಿಲ್ಲ.

ನಂಬಿಕೊಂಡರೆ ನಂಬಿಕೊಳ್ಳಲಿ, ನಿಮಗೇನು ಕಷ್ಟ ಅಂತೀರಾ? ಕಷ್ಟ ಇದೆ. ಈ ನಂಬಿಕೆ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಕಡಿಮೆ ಹೋಗುವವರು ಸುಮ್ನೆ ಹೆದರುತ್ತಾರೆ. ಜಾಸ್ತಿ ಹೋಗುವವರು "ಒಳ್ಳೇದೇ ಆಯ್ತು, ಎಲ್ಲಾ ಕ್ಲೀನ್ ಆಯ್ತು" ಅಂತ ನೆಮ್ಮದಿಯಿಂದ ಇರುತ್ತಾರೆ. ನಿಜವಾಗಿ ಹೆದರಬೇಕಾದವರು ಇವರು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್, ಅಂದರೆ ಆರರಿಂದ ಎಂಟು ಟೀ ಚಮಚ. 80 ಮಿಲಿಲೀಟರ್ ದಾಟಿದರೆ ವೈದ್ಯರ ಲೆಕ್ಕದಲ್ಲಿ ಅದು ಅತಿಯಾಯಿತು. ಯಾರೂ ಅಳತೆ ಮಾಡುತ್ತಾ ಕೂರುವುದಿಲ್ಲ, ಹಾಗಾಗಿ ಹೀಗೆ ನೋಡಿ: ಗಂಟೆ ಎರಡು ಗಂಟೆಗೆ ಪ್ಯಾಡ್ ತೊಯ್ದುಹೋಗುತ್ತಿದೆಯಾ? ಬದಲಿಸಲೆಂದೇ ರಾತ್ರಿ ಏಳುತ್ತೀರಾ? ಏಳು ದಿನ ದಾಟುತ್ತಿದೆಯಾ? ಒಂದು ಅಂಗುಲಕ್ಕಿಂತ ದೊಡ್ಡ ಹೆಪ್ಪುಗಳು ಬರುತ್ತಿವೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ವೈದ್ಯರ ಹತ್ತಿರ ಹೋಗಿ. ರಕ್ತದ ಜೊತೆ ಹೋಗುತ್ತಿರುವುದು ಕೊಳೆಯಲ್ಲ, ಕಬ್ಬಿಣಾಂಶ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಕೂದಲು ಉದುರುವುದು, ಇವೆಲ್ಲ ಅದರಿಂದಲೂ ಬರಬಹುದು.

ಇನ್ನು ನಿಮ್ಮ ವಿಷಯ. ಎರಡರಿಂದ ಏಳು ದಿನ, ಅಷ್ಟರೊಳಗೆ ಎಲ್ಲವೂ ಸಹಜವೇ. ಆದರೆ ಐದು ಇದ್ದದ್ದು ಎರಡಕ್ಕೆ ಇಳಿದು ಅಲ್ಲೇ ನಿಂತಿದೆ ಅಂದರೆ ಯಾಕೆ ಅಂತ ಒಮ್ಮೆ ತೋರಿಸಿಕೊಳ್ಳಿ. ಗರ್ಭನಿರೋಧಕ ಮಾತ್ರೆ, ಥೈರಾಯ್ಡ್, ತೂಕ ತುಂಬಾ ಇಳಿದಿರುವುದು, ನಲವತ್ತು ದಾಟಿದ ವಯಸ್ಸು, ಹೀಗೆ ಕಾರಣ ಏನಾದರೂ ಇರಬಹುದು. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲು ಅದನ್ನೇ ಪರೀಕ್ಷಿಸಿ.

ಕಡಿಮೆ ಬರುವುದು ಬೇರೆ, ಬರದೇ ಇರುವುದು ಬೇರೆ. ಮೂರು ತಿಂಗಳು ಬರಲೇ ಇಲ್ಲ ಅಂದರೆ ಕಾಯಬೇಡಿ. ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಅಂಡಾಶಯ ಸರಿಯಾಗಿ ಕೆಲಸ ಮಾಡದ ತೊಂದರೆ) ಇರುವವರಲ್ಲಿ ಪದರ ಕಳಚದೆ ಬೆಳೆಯುತ್ತಲೇ ಹೋಗಿ ಮುಂದೆ ತೊಂದರೆ ಕೊಡಬಹುದು. ಅಲ್ಲೂ ಬೆಳೆಯುವುದು ಪದರ, ಕೆಟ್ಟ ರಕ್ತವಲ್ಲ. ರಕ್ತ ನಿಜವಾಗಿಯೂ ಒಳಗೆ ನಿಲ್ಲುವ ಸಂದರ್ಭವೂ ಅಪರೂಪಕ್ಕೆ ಒಂದಿದೆ. ಹುಟ್ಟಿನಿಂದಲೇ ಯೋನಿಯ ದಾರಿ ಮುಚ್ಚಿಕೊಂಡಿರುವ ಹುಡುಗಿಯರಲ್ಲಿ ತಿಂಗಳು ತಿಂಗಳು ಹೊಟ್ಟೆನೋವು ಬರುತ್ತದೆ, ಮುಟ್ಟು ಮಾತ್ರ ಕಾಣುವುದಿಲ್ಲ. ಸಣ್ಣ ಶಸ್ತ್ರಚಿಕಿತ್ಸೆಯಿಂದ ಅದು ಹೆಚ್ಚಾಗಿ ಸರಿಹೋಗುತ್ತದೆ. ನಿಮ್ಮದು ಅದಲ್ಲ.

ಯಾರೂ ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಹಸು, ಕುದುರೆ, ಆನೆ, ಯಾವುದಕ್ಕೂ ಮುಟ್ಟಿಲ್ಲ. ಹೆಚ್ಚಿನ ಪ್ರಾಣಿಗಳಲ್ಲಿ ಗರ್ಭ ನಿಂತ ಮೇಲೆಯೇ ಗರ್ಭಕೋಶ ಹಾಸಿಗೆ ಹಾಸುತ್ತದೆ. ನಮ್ಮಲ್ಲಿ ಅತಿಥಿ ಬರುವ ಮೊದಲೇ ಹಾಸಿಟ್ಟು, ಬರದಿದ್ದರೆ ಕಿತ್ತುಹಾಕುವ ಪದ್ಧತಿ. ಕೆಲವು ಕೋತಿ, ವಾನರಗಳಿಗೆ, ಕೆಲವೇ ಬಾವಲಿಗಳಿಗೆ, ಮುಳ್ಳಿನಂಥ ಕೂದಲಿರುವ ಒಂದು ಜಾತಿಯ ಇಲಿಗೆ ನಮ್ಮ ಹಾಗೇ ಆಗುತ್ತದೆ. ಆ ಇಲಿಯ ಸಂಗತಿ ಗೊತ್ತಾದದ್ದೇ 2016ರ ಹೊತ್ತಿಗೆ. "ನಾಯಿಗೂ ಆಗುತ್ತಲ್ಲ" ಅಂತ ಬರೆಯುವವರಿಗೆ ಈಗಲೇ ಉತ್ತರ: ನಾಯಿಗೆ ರಕ್ತ ಬರುವುದು ಬೆದೆಗೆ ಬರುವ ಸಮಯದಲ್ಲಿ, ಪದರ ಬೆಳೆಯುತ್ತಿರುವಾಗ. ನಮಗೆ ಬರುವುದು ಅದು ಕಳಚುವಾಗ. ಪೂರ್ತಿ ಉಲ್ಟಾ.