ಹಳೆಯ ಮರ–ಕ್ಯಾನ್ವಾಸ್ ಕನೂ: ಕಟ್ಟಿದವರು ಯಾರು?

ಅಮೆರಿಕದ ಮೇನ್ ರಾಜ್ಯದಲ್ಲಿ ತಯಾರಾದ ಹಳೆಯ ಕನೂಗಳಲ್ಲಿ, ಅಂದರೆ ಮರದ ಮೇಲೆ ಕ್ಯಾನ್ವಾಸ್ ಹೊದಿಸಿದ ಕಿರಿದಾದ ದೋಣಿಗಳಲ್ಲಿ, ಕಂಪನಿಯ ಹೆಸರು ಉಳಿದಿರುವುದು ಕಡಿಮೆ. ಡೆಕ್ ಮೇಲೆ, ಅಂದರೆ ತುದಿಯ ತ್ರಿಕೋನ ಹಲಗೆಯ ಮೇಲೆ ಅಂಟಿಸಿದ್ದ ಗುರುತು ವಾರ್ನಿಷ್ ಕೆರೆಯುವಾಗಲೇ ಹೋಗಿರುತ್ತದೆ. ಆದ್ದರಿಂದ ರಿಪೇರಿಯಲ್ಲಿ ಸುಲಭಕ್ಕೆ ಬದಲಾಗದ ಭಾಗಗಳಿಂದ ಶುರುಮಾಡಬೇಕು. ಬಣ್ಣ, ಸೀಟು, ಬೋಲ್ಟುಗಳ ಸಾಕ್ಷ್ಯ ಕೊನೆಗೆ.

ಮೊದಲು ಸ್ಟೆಮ್, ಅಂದರೆ ಮೂತಿಯಲ್ಲಿ ಬಾಗಿ ಮೇಲೇರುವ ಮರ ನೋಡಿ. ಅದರ ಒಳಬದಿ, ದೋಣಿಯ ತಳಕ್ಕೆ ತಾಗುವ ಕಡೆ, ಓಲ್ಡ್ ಟೌನ್ ಕಂಪನಿ ಕ್ರಮಸಂಖ್ಯೆ ಒತ್ತುತ್ತಿತ್ತು. ಅದರ ಪಕ್ಕದಲ್ಲೇ ಅಡಿಗಳಲ್ಲಿ ಉದ್ದ: 16, 17, 18 ಹೀಗೆ. ಎರಡೂ ತುದಿಗಳಲ್ಲಿ ಒಂದೇ ಸಂಖ್ಯೆ ಇರುವುದರಿಂದ ಒಂದು ಕಡೆ ಮರ ಕೊಳೆತಿದ್ದರೂ ಇನ್ನೊಂದು ಕಡೆ ಸಿಗಬಹುದು. ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಿಸಬೇಡಿ, ಅಂಕಿಗಳೇ ಸವೆದುಹೋಗುತ್ತವೆ. ಮೆತ್ತನೆಯ ಬ್ರಷ್‌ನಿಂದ ಮಣ್ಣು ತೆಗೆದು, ಟಾರ್ಚನ್ನು ಮರಕ್ಕೆ ಹೆಚ್ಚುಕಡಿಮೆ ತಾಗುವಂತೆ ಓರೆಯಾಗಿ ಹಿಡಿದರೆ ಗುಳಿಗಳಲ್ಲಿ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. ಹಳೆಯ ವಾರ್ನಿಷ್ ತುಂಬಿದ 3 ಸಲೀಸಾಗಿ 8ರಂತೆ ಕಾಣುತ್ತದೆ. ಹಾಗಾಗಿ ಸಾಧ್ಯವಿರುವ ಎಲ್ಲ ಓದುಗಳನ್ನೂ ಬರೆದಿಟ್ಟುಕೊಳ್ಳಿ.

ಓಲ್ಡ್ ಟೌನ್‌ನ ತಯಾರಿಕಾ ದಾಖಲೆಗಳು ಬಹುಪಾಲು ಉಳಿದಿವೆ. ದರ್ಜೆ, ಮರ, ಮೊದಲ ಬಣ್ಣ, ಕಳುಹಿಸಿದ ದಿನ, ಊರು ಎಲ್ಲವೂ ಅದರಲ್ಲಿರುತ್ತವೆ. ಆದರೆ ದಾಖಲೆ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಿತು ಎನ್ನಬೇಡಿ. ಮೂತಿಯಿಂದ ಮೂತಿಗೆ ಟೇಪನ್ನು ನೇರವಾಗಿ ಹಿಡಿದು ಅಳೆಯಿರಿ. ದಾಖಲೆಯಲ್ಲಿ 18 ಅಡಿ, ದೋಣಿ 16 ಅಡಿ ಎಂದಾದರೆ ಒಂದೋ ಅಂಕಿ ತಪ್ಪಾಗಿ ಓದಿದ್ದೀರಿ, ಇಲ್ಲವೇ ಅದು ಬೇರೆ ಕಂಪನಿಯದು. ಕಾರ್ಲ್‌ಟನ್ ಕಂಪನಿಯನ್ನು 1910ರಲ್ಲಿ ಓಲ್ಡ್ ಟೌನ್ ಕೊಂಡುಕೊಂಡದ್ದರಿಂದ ಆ ಹೆಸರಿನ ದೋಣಿಗಳೂ ಇದೇ ದಾಖಲೆಗಳಲ್ಲಿ ಸಿಗುತ್ತವೆ.

ಸ್ಟೆಮ್ ಮೇಲೆ ಏನೂ ಇಲ್ಲವೇ? ಇನ್‌ವೇಲ್, ಅಂದರೆ ಅಂಚಿನ ಒಳಪಟ್ಟಿ ನೋಡಿ. ಮೇನ್‌ನ ವೀಜಿ ಊರಿನ ಬಿ.ಎನ್. ಮಾರಿಸ್ ಕಂಪನಿಯ ದೋಣಿಗಳಲ್ಲಿ ಮುಂಭಾಗದ ಎಡಗಡೆ ಇನ್‌ವೇಲ್ ಮೇಲೆ ಸಂಖ್ಯೆಯ ಪುಟ್ಟ ಹಿತ್ತಾಳೆ ಫಲಕವಿರುತ್ತಿತ್ತು. ಅದು ಕಳಚಿದ್ದರೂ ಎರಡು ಮೊಳೆ ತೂತುಗಳು ಉಳಿದಿರಬಹುದು. ಅದರ ಜೊತೆಗೆ ಸ್ಟೆಮ್‌ನ ಒಳತುದಿ ಅಗಲವಾಗಿ ಹರಡಿದ್ದು, ರಿಬ್‌ಗಳ, ಅಂದರೆ ಪಕ್ಕೆಲುಬಿನಂತೆ ಬಾಗಿದ ಅಡ್ಡಪಟ್ಟಿಗಳ ತಲೆ ಇನ್‌ವೇಲ್‌ನಲ್ಲಿ ಕೊರೆದ ಗೂಡುಗಳಲ್ಲಿ ಕೂತಿದ್ದರೆ ಮಾರಿಸ್ ಎನ್ನಲು ಗಟ್ಟಿ ಆಧಾರ. 1919ರ ಕೊನೆಯಲ್ಲಿ ಆ ಕಾರ್ಖಾನೆ ಸುಟ್ಟುಹೋಯಿತು. ಓಲ್ಡ್ ಟೌನ್‌ನಂಥ ದಾಖಲೆ ಇಲ್ಲಿ ಸಿಗುವುದಿಲ್ಲ, ದೋಣಿಯನ್ನೇ ಓದಬೇಕು.