ಅವರವರ ಪಾಡಿಗೆ ಅವರವರು ಇದ್ದರೆ ಸಾಕಲ್ವಾ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ದೇವಸ್ಥಾನ, ಮಸೀದಿ, ಚರ್ಚ್ ಮೂರೂ ಇವೆ. ಯಾರ ತಂಟೆಗೂ ಹೋಗದೆ ದೂರ ದೂರ ಇದ್ದುಬಿಟ್ಟರೆ ಜಗಳವೇ ಇರಲ್ಲ ಅಲ್ವಾ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ನಾನೂ ಅದೇ ಉತ್ತರ ಬರೆಯುತ್ತೇನೆ. ದೂರ ಇದ್ದರೆ ಸಾಲದು. ಈ ನಂಬಿಕೆ ಎಷ್ಟು ಹೇಳಿದರೂ ಜನರ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಅಶುತೋಷ್ ವಾರ್ಷ್ನೇಯ ಅನ್ನುವ ವಿದ್ವಾಂಸರು 1950ರಿಂದ 1995ರವರೆಗಿನ ಹಿಂದೂ-ಮುಸ್ಲಿಂ ಗಲಭೆಗಳ ಲೆಕ್ಕ ತೆಗೆದರು. ಸತ್ತವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಬರೀ ಎಂಟು ನಗರಗಳವರು. ಆಮೇಲೆ ಅವರು ಉತ್ತರ ಪ್ರದೇಶದ ಅಲಿಗಢವನ್ನೂ ಕೇರಳದ ಕಲ್ಲಿಕೋಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಕಡೆ ಮುಸ್ಲಿಮರ ಪ್ರಮಾಣ ಸುಮಾರಾಗಿ ಒಂದೇ. ಆದರೂ ಅಲಿಗಢದಲ್ಲಿ ಗಲಭೆ ಮೇಲೆ ಗಲಭೆ, ಕಲ್ಲಿಕೋಟೆ ಶಾಂತ. ಯಾಕೆ? ಕಲ್ಲಿಕೋಟೆಯ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಓದುಗರ ಕೂಟ, ಎಲ್ಲದರಲ್ಲೂ ಎರಡೂ ಕಡೆಯವರು ಒಟ್ಟಿಗೆ ಕೂತು ಕೆಲಸ ಮಾಡುತ್ತಿದ್ದರು. ಗಾಳಿಸುದ್ದಿ ಎದ್ದಾಗ "ಏನಪ್ಪಾ, ನಿಜವಾ ಇದು?" ಅಂತ ಕೇಳೋಕೆ ಆಚೆ ಕಡೆ ಗುರುತಿನವರೊಬ್ಬರು ಇರುತ್ತಿದ್ದರು. ದೂರ ದೂರ ಇದ್ದವರು ಯಾರನ್ನು ಕೇಳಬೇಕು ಹೇಳಿ?

ಮುಂಬೈ ಪಕ್ಕದ ಭಿವಂಡಿ ನೋಡಿ. 1984ರಲ್ಲಿ ಹೊತ್ತಿ ಉರಿದ ಊರು ಅದು. ಆಮೇಲೆ ಸುರೇಶ್ ಖೋಪಡೆ ಅನ್ನುವ ಪೊಲೀಸ್ ಅಧಿಕಾರಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿ, ಎರಡೂ ಸಮುದಾಯದ ಸಾಮಾನ್ಯ ಜನರನ್ನೂ ಪೊಲೀಸರನ್ನೂ ಒಟ್ಟಿಗೆ ಕೂರಿಸಿ ಸಣ್ಣಪುಟ್ಟ ತಕರಾರುಗಳನ್ನು ಅಲ್ಲೇ ಬಗೆಹರಿಸುವಂತೆ ಮಾಡಿದರು. 1992-93ರಲ್ಲಿ ಮುಂಬೈ ಉರಿದಾಗ ಭಿವಂಡಿ ತಣ್ಣಗಿತ್ತು.

ನಮ್ಮ ಬೆಂಗಳೂರಲ್ಲೇ ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಹೂವಿನ ಕರಗ, ಕತ್ತಿ ಹಿಡಿದ ವೀರಕುಮಾರರ ಜೊತೆ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. 2022ರಲ್ಲಿ ದರ್ಗಾಕ್ಕೆ ಹೋಗುವುದು ಬೇಡ ಅಂತ ಕೆಲವರು ಪಟ್ಟು ಹಿಡಿದರು. ಗುಡಿಯವರು ಸಂಪ್ರದಾಯ ಬಿಡಲಿಲ್ಲ. ಕರಗ ದರ್ಗಾಕ್ಕೆ ಹೋಗಿಯೇ ಬಂತು.

ಹಾಗಾಗಿ ಕಸ, ನೀರು, ಚರಂಡಿ ಅಂತ ಓಡಾಡುವ ನಿಮ್ಮ ಬಡಾವಣೆ ಸಂಘಕ್ಕೆ ಮೊದಲು ಮೂರೂ ಕಡೆಯವರನ್ನು ಸೇರಿಸಿಕೊಳ್ಳಿ.

ಅಂದಹಾಗೆ, ನೀವು ಕೇಳಲಿಲ್ಲ, ಆದರೂ ಮೈಕಿನ ವಿಷಯ ಹೇಳಿಬಿಡುತ್ತೇನೆ, ತಕರಾರು ಜಾಸ್ತಿ ಹುಟ್ಟೋದು ಅಲ್ಲೇ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ ಕೆಲವೇ ದಿನ, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ, ಸರ್ಕಾರ ವಿನಾಯಿತಿ ಕೊಡಬಹುದು. ಯಾವ ಧರ್ಮಕ್ಕೂ ಬೇರೆ ನಿಯಮ ಇಲ್ಲ. ಸದ್ದು ಜಾಸ್ತಿ ಆಯ್ತಾ? ವಾಟ್ಸಾಪಿಗೆ ವಿಡಿಯೋ ಹಾಕುವ ಮೊದಲು ನಿಮ್ಮ ಬಡಾವಣೆ ಸಂಘದಲ್ಲಿರುವ ಆ ಸಮುದಾಯದ ಸದಸ್ಯರಿಗೆ ಒಂದು ಫೋನ್ ಮಾಡಿ.